ನಂಬುವ ಗೆಳೆಯನ ಜೊತೆ ದೇವರ ಬಗ್ಗೆ ವಾದ ಮಾಡುವವರು ಇದ್ದೀರಾ? ಒಂದು ಸಲಹೆ ಬೇಕು

ಹತ್ತುಗಂಟೆ
ನಾನು ದೇವರನ್ನು ನಂಬುವುದಿಲ್ಲ. ನನ್ನ ಗೆಳೆಯ ನಂಬುತ್ತಾನೆ, ಅದೂ ಗಟ್ಟಿಯಾಗಿ. ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ರಾತ್ರಿ ಹತ್ತಕ್ಕೆ ನಮ್ಮಿಬ್ಬರ ಫೋನ್ ಜಗಳ ಶುರುವಾಗುತ್ತದೆ. ದೇವರು, ಆತ್ಮ, ಪವಾಡ, ಪಾಪ-ಪುಣ್ಯ, ಯಾವುದನ್ನೂ ಬಿಟ್ಟಿಲ್ಲ. "ಏನೂ ಇಲ್ಲದ ಕಡೆಯಿಂದ ಏನಾದರೂ ಹುಟ್ಟುತ್ತದಾ" ಅನ್ನುವ ಒಂದೇ ಪ್ರಶ್ನೆ ಹಿಡಿದುಕೊಂಡು ಒಮ್ಮೆ ರಾತ್ರಿ ಎರಡೂವರೆ ಮಾಡಿದ್ದೆವು. ಅವನು ನನ್ನನ್ನು ಕರೆಯುವುದೇ "ಲೇ ನಾಸ್ತಿಕ" ಅಂತ. ನಾನು ಅವನಿಗೆ "ಸ್ವಾಮಿಗಳೇ" ಅನ್ನುತ್ತೇನೆ.

ಮೂರು ತಿಂಗಳ ಹಿಂದೆ ಅವನ ತಮ್ಮ ತೀರಿಕೊಂಡ. ಅದಾದ ಎರಡನೇ ಶನಿವಾರ ಗೆಳೆಯನೇ ಫೋನ್ ಮಾಡಿದ. ಅದೂ ಇದೂ ಮಾತಾಡಿ, "ಅವನು ಎಲ್ಲೋ ಇದ್ದಾನೆ ಕಣೋ, ನೆಮ್ಮದಿಯಾಗಿದ್ದಾನೆ" ಅಂದ. ನಾನು ಅಭ್ಯಾಸಬಲದಿಂದ, "ಅದು ಮನಸ್ಸು ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ, ಅದಕ್ಕೆ ಸಾಕ್ಷಿ ಎಲ್ಲಿದೆ" ಅಂದುಬಿಟ್ಟೆ. ಆ ಕಡೆಯಿಂದ ಫ್ಯಾನ್ ಸದ್ದು ಮಾತ್ರ ಕೇಳುತ್ತಿತ್ತು. ಸುತ್ತಿಗೊಮ್ಮೆ ಟಕ್ ಅನ್ನುತ್ತಿತ್ತು. ಹತ್ತೋ ಹನ್ನೆರಡೋ ಟಕ್ ಆದ ಮೇಲೆ "ಸರಿ ಕಣೋ, ಬೆಳಗ್ಗೆ ಬೇಗ ಏಳಬೇಕು" ಅಂತ ಇಟ್ಟ.

ಈಗಲೂ ಫೋನ್ ಮಾಡುತ್ತಾನೆ. ಕೆಲಸ, ಆರೋಗ್ಯ, ಮಳೆ ಬಂತಾ ಇಲ್ವಾ. ವಾದ ಮಾತ್ರ ಇಲ್ಲ. ನಾನಾಗಿ ಎಳೆದರೂ "ಬಿಡು ಮಾರಾಯ" ಅನ್ನುತ್ತಾನೆ. ಎರಡು ಪ್ರಶ್ನೆ. ನಾನು ಹೇಳಿದ ಮಾತು ತಪ್ಪಾ, ಹೇಳಿದ ಹೊತ್ತು ತಪ್ಪಾ? ನಿಂತುಹೋದ ವಾದವನ್ನು ಮತ್ತೆ ಶುರು ಮಾಡುವುದು ಹೇಗೆ? ನನಗೆ ಅದು ನಿಜವಾಗಿ ಬೇಕು.

ಗಾಳಿಮಾತು
ಎರಡೂ ತಪ್ಪು. ಮೊದಲು ಹೋಗಿ ಕ್ಷಮೆ ಕೇಳಿ.

ಪ್ರಶ್ನೆಚಿಹ್ನೆ
ನಾನು ಒಪ್ಪುವುದಿಲ್ಲ. ಹೊತ್ತು ತಪ್ಪು, ಮಾತು ತಪ್ಪಲ್ಲ. ಹನ್ನೊಂದು ವರ್ಷ ಸಾಕ್ಷಿ ಕೇಳಿದವನು ಒಂದು ದಿನ ಸುಮ್ನೆ ತಲೆಯಾಡಿಸಿದರೆ, ಅದು ಗೆಳೆಯನಿಗೆ ಹೇಳಿದ ಸುಳ್ಳು.

ಇದೆ ಅನ್ನುವವರೇ ಸಾಬೀತು ಮಾಡಬೇಕು. 1952ರಲ್ಲಿ ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಇದಕ್ಕೆ ಒಂದು ಟೀಪಾಟ್ ಉದಾಹರಣೆ ಕೊಟ್ಟ. ಭೂಮಿಗೂ ಮಂಗಳಕ್ಕೂ ನಡುವೆ ಒಂದು ಪಿಂಗಾಣಿ ಟೀಪಾಟ್ ಸೂರ್ಯನ ಸುತ್ತ ಸುತ್ತುತ್ತಿದೆ, ಅದು ಯಾವ ದೂರದರ್ಶಕಕ್ಕೂ ಕಾಣದಷ್ಟು ಚಿಕ್ಕದು ಅಂತ ನಾನು ಹೇಳಿದೆ ಅಂದುಕೊಳ್ಳಿ. ಇಲ್ಲ ಅಂತ ನೀವು ತೋರಿಸಲಾರಿರಿ. ಅಷ್ಟಕ್ಕೇ ನಾನು ಹೇಳಿದ್ದು ನಿಜವಾಗುತ್ತದಾ?

ಬತ್ತಿದೀಪ
ನಾನು ನಂಬುವವಳು. ಈ ಟೀಪಾಟನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ 😊

ಪ್ರಶ್ನೆಚಿಹ್ನೆಯವರೇ, ಟೀಪಾಟ್ ಅನ್ನುವುದು ಲೋಕದೊಳಗಿನ ಇನ್ನೊಂದು ವಸ್ತು. ಇದ್ದರೂ ಇಲ್ಲದಿದ್ದರೂ ಉಳಿದದ್ದೆಲ್ಲ ಹೇಗಿದೆಯೋ ಹಾಗೇ ಇರುತ್ತದೆ. ನಾನು ದೇವರು ಅಂದಾಗ ಆಕಾಶದಲ್ಲಿ ಇನ್ನೊಂದು ವಸ್ತು ಇದೆ ಅಂತ ಹೇಳುತ್ತಿಲ್ಲ. ಈ ಲೋಕ ಅನ್ನುವುದು ಯಾಕಾದರೂ ಇದೆ ಅನ್ನುವ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಅದು. ಉತ್ತರ ತಪ್ಪಿರಬಹುದು, ಜಗಳ ಆಡಿ. ಪ್ರಶ್ನೆಯನ್ನೇ ಟೀಪಾಟ್ ಮಾಡಬೇಡಿ.

ಇನ್ನು ಹತ್ತುಗಂಟೆಯವರಿಗೆ. ನಿಮ್ಮ ಗೆಳೆಯರು ಆ ರಾತ್ರಿ ವಾದಕ್ಕೆ ಏನನ್ನೂ ಮುಂದಿಟ್ಟಿರಲಿಲ್ಲ. ಅವರು ಅಳುತ್ತಿದ್ದರು. ಅಳುವಿಗೆ ಸಾಕ್ಷಿ ಕೇಳಿದಿರಿ ನೀವು.

ಪ್ರಶ್ನೆಚಿಹ್ನೆ
ಆ ಕೊನೆಯ ಸಾಲನ್ನು ಒಪ್ಪುತ್ತೇನೆ ಅಕ್ಕ. ಟೀಪಾಟ್ ಬಿಟ್ಟುಕೊಡುವುದಿಲ್ಲ. "ಯಾಕೆ ಇದೆ" ಅನ್ನುವುದಕ್ಕೆ ಉತ್ತರ ಇರಲೇಬೇಕು ಅಂತ ಯಾರು ಹೇಳಿದರು?

ತರ್ಕಪ್ರಿಯ
ಒಂದು ಹಳೆಯ ವಿಷಯ ನೆನಪಿಸುತ್ತೇನೆ. ಮೊಂಡು ಹಿಡಿದು ಮಾತಾಡುವವರಿಗೆ ನಾವು "ವಿತಂಡವಾದ ಮಾಡಬೇಡ" ಅನ್ನುತ್ತೇವೆ, ಅಲ್ವಾ? ನಮ್ಮ ಹಳೆಯ ತರ್ಕಶಾಸ್ತ್ರದ ಗ್ರಂಥವಾದ ನ್ಯಾಯಸೂತ್ರಗಳಲ್ಲಿ ಈ ಪದಕ್ಕೆ ಬಹಳ ನಿಖರವಾದ ಅರ್ಥ ಇದೆ. ಅಲ್ಲಿ ಮಾತಿನ ಜಗಳ ಮೂರು ಬಗೆ. ನಿಜ ಏನು ಅಂತ ತಿಳಿಯಲು ಇಬ್ಬರೂ ತಮ್ಮ ತಮ್ಮ ಪಕ್ಷ, ಅಂದರೆ ನಿಲುವು, ಮುಂದಿಟ್ಟು ಮಾತಾಡಿದರೆ ವಾದ. ಹೇಗಾದರೂ ಗೆಲ್ಲಲೇಬೇಕು ಅಂತ ಮಾತು ತಿರುಚಿ, ಸಂದು ಹುಡುಕಿ ಆಡಿದರೆ ಜಲ್ಪ. ತನ್ನದು ಅಂತ ಯಾವ ಪಕ್ಷವನ್ನೂ ಇಡದೆ ಎದುರಿನವನದನ್ನು ಕೆಡವುತ್ತಾ ಹೋದರೆ ವಿತಂಡ.

ಈ ಮೂರರಲ್ಲಿ ನೀವಿಬ್ಬರು ಇಷ್ಟು ವರ್ಷ ಆಡಿದ್ದು ಯಾವುದು? ಇದನ್ನು ಯೋಚಿಸಿ ನೋಡಿ. ಜಲ್ಪ ಆಡುವವರಿಗೆ ಆಟ ನಿಲ್ಲಿಸುವ ಹೊತ್ತು ಗೊತ್ತಾಗುವುದಿಲ್ಲ. ಎದುರಿನವನು ಬಾಯಿಬಿಟ್ಟರೆ ಸಾಕು, ಕೈ ತಾನಾಗಿ ಕಾಯಿ ನಡೆಸುತ್ತದೆ.

ಹತ್ತುಗಂಟೆ
ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮೊದಲ ಎರಡು ವರ್ಷ ವಾದ. ಆಮೇಲೆ ಜಲ್ಪ. ನನ್ನ ಕಡೆಯಿಂದ ಕೆಲವು ಶನಿವಾರ ಶುದ್ಧ ವಿತಂಡ. ಅವನು ಏನು ನಂಬುತ್ತಾನೆ ಅಂತ ನನಗೆ ಗೊತ್ತು. ನಾನು ಏನು ನಂಬುತ್ತೇನೆ ಅಂತ ಅವನು ಕೇಳಿದಾಗೆಲ್ಲ ಜಾರಿಕೊಂಡಿದ್ದೇನೆ.

ನೀಲಿಪೆನ್ನು
ತರ್ಕಪ್ರಿಯ ಸರ್ ಹಳೆಯದನ್ನು ತೆಗೆದದ್ದಕ್ಕೆ ಒಂದು ತಿದ್ದುಪಡಿ ಸೇರಿಸುತ್ತೇನೆ. ನಿಮ್ಮ ಗೆಳೆಯ ನಿಮ್ಮನ್ನು "ನಾಸ್ತಿಕ" ಅನ್ನುವುದು ಈಗಿನ ಬಳಕೆಯಲ್ಲಿ ಸರಿ. ಆದರೆ ಹಿಂದೆ ಆ ಪದ ದೇವರ ಬಗ್ಗೆ ಇರಲಿಲ್ಲ. ಮನುಸ್ಮೃತಿಯಲ್ಲಿ ನಾಸ್ತಿಕ ಅಂದರೆ ವೇದವನ್ನು ನಿಂದಿಸುವವನು. ದರ್ಶನಗಳನ್ನು ವಿಂಗಡಿಸುವಾಗಲೂ ವೇದಕ್ಕೆ ಪ್ರಾಮಾಣ್ಯ ಕೊಟ್ಟವರು ಆಸ್ತಿಕರು, ಕೊಡದವರು ನಾಸ್ತಿಕರು. ವ್ಯಾಕರಣಕಾರ ಪಾಣಿನಿಯ ಸೂತ್ರಕ್ಕೆ ವ್ಯಾಖ್ಯಾನ ಬರೆದವರು ಪರಲೋಕ ಇದೆ ಅನ್ನುವವನು ಆಸ್ತಿಕ, ಇಲ್ಲ ಅನ್ನುವವನು ನಾಸ್ತಿಕ ಅಂತ ಅರ್ಥ ಹೇಳುತ್ತಾರೆ.

ವೇದದ ವಿಧಿಗಳನ್ನು ವಿವರಿಸುವ ಪಂಥದ ಮೀಮಾಂಸಕರನ್ನೇ ನೋಡಿ, ವೇದವನ್ನು ತಲೆಯ ಮೇಲೆ ಹೊತ್ತುಕೊಂಡು, ಲೋಕವನ್ನು ಸೃಷ್ಟಿಸಿದವನು ಯಾರೂ ಇಲ್ಲ ಅಂದರು. ಅವರು ಆಸ್ತಿಕರೇ!

ಗಾಳಿಮಾತು
ನಿಜವಾಗ್ಲೂ? ಸೃಷ್ಟಿ ಮಾಡಿದವನು ಇಲ್ಲ ಅಂದವರೂ ಆಸ್ತಿಕರಾ?

ನೀಲಿಪೆನ್ನು
ನಿಜವಾಗ್ಲೂ. ಆ ಮೀಮಾಂಸಕರಲ್ಲಿ ಒಬ್ಬನಾದ ಕುಮಾರಿಲ ಭಟ್ಟ ಕೇಳಿದ ಪ್ರಶ್ನೆಗಳು ಇವತ್ತಿಗೂ ಚುರುಕು. ಲೋಕ ಹುಟ್ಟುವ ಮೊದಲು ಸೃಷ್ಟಿಕರ್ತನಿಗೆ ದೇಹ ಇತ್ತಾ? ಇಲ್ಲದಿದ್ದರೆ ಮಾಡಿದ್ದು ಹೇಗೆ? ಇದ್ದರೆ ಆ ದೇಹವನ್ನು ಮಾಡಿದ್ದು ಯಾರು? ಇಷ್ಟೊಂದು ದುಃಖ ತುಂಬಿದ ಲೋಕವನ್ನು ಯಾವ ಆಸೆಗೆ ಮಾಡಿದ?

ತರ್ಕಪ್ರಿಯ
ಅದಕ್ಕೆ ಎದುರು ನಿಂತವನು ನ್ಯಾಯ ಪಂಥದ ಪಂಡಿತ ಉದಯನ. ಮಡಕೆ ಇದ್ದರೆ ಕುಂಬಾರ ಇರಬೇಕು, ಲೋಕವೂ ಒಂದು ಕಾರ್ಯ (ಕಾರಣದಿಂದ ಉಂಟಾದದ್ದು), ಹಾಗಾಗಿ ಅದಕ್ಕೂ ಕರ್ತ ಇರಬೇಕು ಅನ್ನುವುದು ಆ ಕಡೆಯ ಮೂಲ ವಾದ. ಈಶ್ವರ ಇದ್ದಾನೆ ಅಂತ ಸಾಧಿಸಲು ಅವನು ಬರೆದ ನ್ಯಾಯಕುಸುಮಾಂಜಲಿಯಲ್ಲಿ ಚಾರ್ವಾಕರು, ಬೌದ್ಧರು, ಮೀಮಾಂಸಕರು ಎಲ್ಲರ ಆಕ್ಷೇಪವೂ ಬರುತ್ತದೆ. ಎದುರಿನವನ ಮಾತನ್ನು ಪೂರ್ತಿ ಬಲದೊಂದಿಗೆ ಮೊದಲು ತಾನೇ ಹೇಳಬೇಕು. ಅದೇ ಪೂರ್ವಪಕ್ಷ. ಅದನ್ನು ಸಪ್ಪೆ ಮಾಡಿ ಹೇಳಿದವನನ್ನು ಯಾರೂ ಪಂಡಿತ ಅನ್ನುತ್ತಿರಲಿಲ್ಲ.

ಪ್ರಶ್ನೆಚಿಹ್ನೆ
ಮಡಕೆ ಮಾಡುವುದನ್ನು ನಾವು ಕಣ್ಣಾರೆ ನೋಡಿದ್ದೇವೆ, ಅದಕ್ಕೇ ಕುಂಬಾರನನ್ನು ಊಹಿಸುತ್ತೇವೆ. ಲೋಕಗಳನ್ನು ಮಾಡುವುದನ್ನು ಯಾರು ನೋಡಿದ್ದಾರೆ? ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1779ರಲ್ಲಿ ಅಚ್ಚಾದ ಪುಸ್ತಕದಲ್ಲಿ ಹೆಚ್ಚುಕಡಿಮೆ ಇದನ್ನೇ ಕೇಳಿದ. ಅವನು ತೀರಿಕೊಂಡು ಮೂರು ವರ್ಷ ಆಗಿತ್ತು.

ಅರ್ಧನಂಬಿಕೆ
ವಿಷಯ ಎಲ್ಲಿಂದ ಎಲ್ಲಿಗೋ ಹೋಗುತ್ತಿದೆ. ಆ ಮನುಷ್ಯನ ತಮ್ಮ ಸತ್ತಿದ್ದಾನೆ ಮಾರಾಯ್ರೇ.

ಗಾಳಿಮಾತು
ಅರ್ಧನಂಬಿಕೆ, ನಿಮ್ಮ ಹೆಸರು ನೋಡಿ ಕೇಳುತ್ತಿದ್ದೇನೆ. ನೀವು ಯಾವ ಕಡೆ? ನಡುವೆ ಬೇಲಿ ಮೇಲೆ ಕೂತವರಿಗೆ ಸುಲಭ ಬಿಡಿ. ನನ್ನ ಮಟ್ಟಿಗೆ ಲೆಕ್ಕ ಸರಳ. ನಂಬಿದರೆ ನಷ್ಟ ಏನು? ದೇವರಿದ್ದರೆ ಲಾಭ, ಇಲ್ಲದಿದ್ದರೆ ಏನೂ ಹೋಗುವುದಿಲ್ಲ.

ತರ್ಕಪ್ರಿಯ
ಅದು ಫ್ರೆಂಚ್ ಗಣಿತಜ್ಞ ಪಾಸ್ಕಲನ ಪಣ. ಅವನು 1662ರಲ್ಲಿ ತೀರಿಕೊಂಡ, ಇದನ್ನು ಬರೆದಿಟ್ಟ ಟಿಪ್ಪಣಿಗಳು 1670ರಲ್ಲಿ ಅಚ್ಚಾದವು. ಎರಡು ತೊಡಕಿವೆ. ಯಾವ ದೇವರ ಮೇಲೆ ಪಣ ಕಟ್ಟುವುದು? ಒಬ್ಬನನ್ನು ಆರಿಸಿದರೆ ಇನ್ನೊಬ್ಬ ಕೋಪಿಸಿಕೊಳ್ಳಬಹುದು. ಮತ್ತೆ, ಲಾಭ ಇದೆ ಅಂತ ಮನಸ್ಸಿಗೆ ನಂಬು ಅಂದರೆ ಅದು ನಂಬುತ್ತದಾ? ಎರಡನೆಯದು ಪಾಸ್ಕಲನಿಗೂ ಗೊತ್ತಿತ್ತು. ನಂಬುವವರ ಹಾಗೆ ನಡೆದುಕೊಳ್ಳುತ್ತಾ ಹೋಗು, ನಂಬಿಕೆ ನಿಧಾನವಾಗಿ ಬರುತ್ತದೆ ಅಂದ.

ಬತ್ತಿದೀಪ
ನನಗೂ ಆ ಪಣ ಇಷ್ಟವಿಲ್ಲ. ಲಾಭ ನೋಡಿ ಪ್ರೀತಿ ಮಾಡಿದ ಹಾಗೆ ಆಯಿತು.

ಅರ್ಧನಂಬಿಕೆ
ಬೇಲಿ ಮೇಲೆ ಕೂತವರ ಕಥೆಯನ್ನೇ ಹೇಳುತ್ತೇನೆ. ಹತ್ತುಗಂಟೆಯವರು ಓದಲೇಬೇಕು.

ದೇವರು ಇದ್ದಾನೋ ಇಲ್ಲವೋ ತಿಳಿಯದು ಅನ್ನುವ ನನ್ನಂಥವರಿಗೆ ಇಂಗ್ಲಿಷಿನಲ್ಲಿ ಆಗ್ನಾಸ್ಟಿಕ್ ಅನ್ನುವ ಹೆಸರನ್ನು 1869ರಲ್ಲಿ ಕೊಟ್ಟವನು ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ. ಡಾರ್ವಿನ್ ಪರವಾಗಿ ಪಾದ್ರಿಗಳ ಜೊತೆ ಬಹಿರಂಗವಾಗಿ ಜಗಳ ಆಡಿದವನು. 1860ರ ಜೂನ್‌ನಲ್ಲಿ ಆಕ್ಸ್‌ಫರ್ಡ್‌ನಲ್ಲಿ ಬಿಷಪ್ ವಿಲ್ಬರ್‌ಫೋರ್ಸ್ ಜೊತೆ ಅವನ ವಾಗ್ವಾದ ಆಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವನ ಮಗ ನೋಯೆಲ್ ಕೆಂಜ್ವರದಿಂದ ತೀರಿಕೊಂಡ. ಮಗುವಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ.

ಆಗ ಚಾರ್ಲ್ಸ್ ಕಿಂಗ್ಸ್ಲಿ ಅನ್ನುವ ಪಾದ್ರಿ ಅವನಿಗೆ ಸಮಾಧಾನದ ಪತ್ರ ಬರೆದ. ಹಕ್ಸ್ಲಿ ಅದಕ್ಕೆ ಬಹಳ ಉದ್ದನೆಯ ಉತ್ತರ ಬರೆದ. ಸಾವಿನ ನಂತರ ಬದುಕು ಇದೆ ಅಂತ ನಾನು ಹೇಳುವುದಿಲ್ಲ, ಇಲ್ಲ ಅಂತಲೂ ಹೇಳುವುದಿಲ್ಲ, ನಂಬಲು ನನಗೆ ಕಾರಣ ಕಾಣುತ್ತಿಲ್ಲ, ಸುಳ್ಳು ಅಂತ ತೋರಿಸುವ ದಾರಿಯೂ ಇಲ್ಲ ಅಂದ. ಸತ್ತವರು ಮತ್ತೆ ಏಳದಿದ್ದರೆ ತಿಂದು ಕುಡಿದು ಇದ್ದುಬಿಡೋಣ ಅನ್ನುವ ಅರ್ಥದ ಸಾಲನ್ನು ಮಗುವಿನ ಸಮಾಧಿಯ ಹತ್ತಿರ ಓದಿದಾಗ ತನಗೆ ಎಷ್ಟು ಆಘಾತವಾಯಿತು ಅಂತಲೂ ಬರೆದ. ಒಂದು ಮಾತೂ ಮುಚ್ಚಿಡಲಿಲ್ಲ. ಆದರೂ ಆ ಪತ್ರದ ತುಂಬ ಕಿಂಗ್ಸ್ಲಿಯ ಮೇಲೆ ಗೌರವ ಇದೆ. ಅವರ ಸ್ನೇಹ ಮುಂದುವರಿಯಿತು.

ನೋಡಿ, ಅಲ್ಲಿ ಪಾದ್ರಿ ಮೊದಲು ಕೈ ಚಾಚಿದ. ದುಃಖದಲ್ಲಿದ್ದವನು ತನಗೆ ಬೇಕಾದಾಗ, ತನ್ನ ಮಾತಿನಲ್ಲಿ, ವಾದ ಮಾಡಿದ. ನಿಮ್ಮ ವಿಷಯದಲ್ಲಿ ಅದು ತಿರುಗುಮುರುಗಾಯಿತು.

ಪ್ರಶ್ನೆಚಿಹ್ನೆ
ಇದು ನನಗೆ ಗೊತ್ತಿರಲಿಲ್ಲ. ಆಕ್ಸ್‌ಫರ್ಡ್ ಜಗಳವನ್ನು ನೂರು ಸಲ ಹೇಳಿದ್ದೇನೆ, ಅದಾದ ಮೂರು ತಿಂಗಳಿಗೆ ಮಗು ಹೋಯಿತು ಅಂತ ಗೊತ್ತಿರಲಿಲ್ಲ.

ಸಂಜೆಬಾನು
ನಮ್ಮ ಮನೆಯಲ್ಲಿ ನಾನು ನಂಬುವವಳು, ನನ್ನ ಗಂಡ ಇಲ್ಲ. ಮದುವೆಯಾಗಿ ಹದಿನಾರು ವರ್ಷ. ಹಕ್ಸ್ಲಿ ಹೆಸರು ಬಂದದ್ದಕ್ಕೆ ಡಾರ್ವಿನ್ ಮನೆಯ ಕಥೆ ಹೇಳುತ್ತೇನೆ. ನನಗೆ ಬಹಳ ಹತ್ತಿರದ್ದು.

ಡಾರ್ವಿನ್ ಹೆಂಡತಿ ಎಮ್ಮಾ ದೇವರನ್ನು ನಂಬಿದವಳು. 1839ರಲ್ಲಿ ಮದುವೆಯಾದ ಸ್ವಲ್ಪ ದಿನಕ್ಕೆ ಗಂಡನಿಗೆ ಒಂದು ಪತ್ರ ಬರೆದಳು. ಒಂದೇ ಮನೆಯಲ್ಲಿದ್ದರೂ ಬಾಯಲ್ಲಿ ಹೇಳಲಾಗದ್ದನ್ನು ಬರೆದಳು. ಸಾಬೀತಾಗುವವರೆಗೆ ಏನನ್ನೂ ನಂಬದ ವಿಜ್ಞಾನದ ರೂಢಿ, ಹಾಗೆ ಸಾಬೀತು ಮಾಡಲಾಗದ ವಿಷಯಗಳಲ್ಲೂ ನಿನ್ನ ಮನಸ್ಸನ್ನು ಹಿಡಿಯದಿರಲಿ ಅನ್ನುವ ಕಳವಳ ಅವಳದು. ಡಾರ್ವಿನ್ ಮನಸ್ಸು ಬದಲಾಗಲಿಲ್ಲ. ಆದರೆ ಆ ಪತ್ರವನ್ನು ಕಾಪಾಡಿಕೊಂಡ. ನಾನು ಸತ್ತ ಮೇಲೆ ತಿಳಿದುಕೋ, ಇದಕ್ಕೆ ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ ಅಂತ ಅದರ ಮೇಲೇ ಬರೆದಿಟ್ಟ.

ನನ್ನ ಗಂಡ ನಾನು ಪ್ರಾರ್ಥನೆಗೆ ಕೂತಾಗ ಟಿವಿ ಸದ್ದು ಕಡಿಮೆ ಮಾಡುತ್ತಾರೆ. ಒಂದು ದಿನವೂ ಹೇಳಿ ಮಾಡಿದ್ದಲ್ಲ. ಪ್ರಾರ್ಥನೆ ಮುಗಿದ ಹತ್ತು ನಿಮಿಷಕ್ಕೆ "ಇವತ್ತು ಕೇಳಿಸಿತಂತಾ ಅವನಿಗೆ?" ಅಂತ ಜಗಳ ತೆಗೆಯುತ್ತಾರೆ. ನಾನೂ ಬಿಡುವುದಿಲ್ಲ. ಮೊದಲು ಆ ಹತ್ತು ನಿಮಿಷ ಕಾಯುತ್ತಾರಲ್ಲ, ನನಗೆ ಅಷ್ಟು ಸಾಕು.

ಗಾಳಿಮಾತು
ಸಂಜೆಬಾನು ಅಕ್ಕ, ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ಹೇಳಿ.

ಮೌನಿ2
ಇಷ್ಟು ದಿನ ಸುಮ್ನೆ ಓದುತ್ತಿದ್ದೆ. 1948ರಲ್ಲಿ ಬಿಬಿಸಿ ರೇಡಿಯೋದಲ್ಲಿ ರಸೆಲ್ ಮತ್ತು ಫ್ರೆಡರಿಕ್ ಕೋಪ್ಲ್‌ಸ್ಟನ್ ಅನ್ನುವ ಜೆಸ್ಯೂಟ್ ಪಾದ್ರಿ ದೇವರ ಬಗ್ಗೆ ಚರ್ಚೆ ಮಾಡಿದರು. ಪಾದ್ರಿ ಮೊದಲು ಮಾಡಿದ ಕೆಲಸ ಏನು ಗೊತ್ತಾ? ದೇವರು ಅಂದರೆ ನಾವಿಬ್ಬರೂ ಏನು ಅಂದುಕೊಂಡಿದ್ದೇವೆ, ಅದನ್ನು ಮೊದಲು ಒಪ್ಪಿಕೊಳ್ಳೋಣ ಅಂದದ್ದು. ಆಮೇಲೆ, ದೇವರಿಲ್ಲ ಅಂತ ಸಾಧಿಸಬಹುದು ಅನ್ನುವುದು ನಿಮ್ಮ ನಿಲುವಾ ಅಂತ ಕೇಳಿದರು. ರಸೆಲ್, ಇಲ್ಲ, ನನ್ನದು ಆಗ್ನಾಸ್ಟಿಕ್ ನಿಲುವು ಅಂದರು. ಟೀಪಾಟ್ ಬರೆದ ಅದೇ ರಸೆಲ್!

ಲೋಕ ಯಾಕಿದೆ ಅನ್ನುವ ಮಾತಿಗೆ ಬಂದಾಗ ರಸೆಲ್, ಲೋಕ ಇದೆ ಅಷ್ಟೇ ಅಂದುಬಿಟ್ಟರು. ಬತ್ತಿದೀಪ ಮತ್ತು ಪ್ರಶ್ನೆಚಿಹ್ನೆ ಮೇಲೆ ಜಗಳ ಆಡಿದ್ದು ಅದೇ ಜಾಗದಲ್ಲಿ.

ಬತ್ತಿದೀಪ
ಹಾಗಾದರೆ ನಾವಿಬ್ಬರೂ ಒಳ್ಳೆಯ ಜಾಗದಲ್ಲೇ ಸಿಕ್ಕಿಹಾಕಿಕೊಂಡಿದ್ದೇವೆ ಪ್ರಶ್ನೆಚಿಹ್ನೆಯವರೇ.

ಪ್ರಶ್ನೆಚಿಹ್ನೆ
ಹೌದು ಅಕ್ಕ. ಆದರೂ ಒಂದು ಪ್ರಶ್ನೆ ಬಾಕಿ ಇದೆ. ದುಃಖದ ಹೊತ್ತಿನಲ್ಲಿ ಕೇಳಬಾರದು, ಸರಿ. ಹಾಗಂತ ದುಃಖವನ್ನೇ ಎಂದೂ ಕೇಳಬಾರದಾ? 1755ರ ನವೆಂಬರ್ 1ರಂದು ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಭೂಕಂಪ ಆಯಿತು. ಸಕಲ ಸಂತರ ಹಬ್ಬದ ಬೆಳಗ್ಗೆ. ಚರ್ಚುಗಳಲ್ಲಿ ಜನ ತುಂಬಿದ್ದರು. ಮೊದಲು ನೆಲ ನಡುಗಿತು, ಆಮೇಲೆ ಸಮುದ್ರ ನುಗ್ಗಿತು, ಆಮೇಲೆ ಬೆಂಕಿ. ಪ್ರಾರ್ಥನೆಗೆ ಹೋದವರನ್ನೇ ಕಟ್ಟಡ ಕೊಂದಿತು. ಒಳ್ಳೆಯವನೂ ಎಲ್ಲ ಬಲ್ಲವನೂ ಆದ ದೇವರು ಇದನ್ನು ಹೇಗೆ ಬಿಟ್ಟ? ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಇದೊಂದೇ ಗಟ್ಟಿ ಪ್ರಶ್ನೆ. ಟೀಪಾಟ್ ಬೇಕಾದರೆ ಬಿಟ್ಟೆ.

ನೀಲಿಪೆನ್ನು
ಫ್ರೆಂಚ್ ಲೇಖಕ ವೋಲ್ಟೇರ್ ಇದರ ಮೇಲೆ ಉದ್ದನೆಯ ಪದ್ಯ ಬರೆದ. ಅದಕ್ಕೆ ಚಿಂತಕ ರೂಸೋ 1756ರಲ್ಲಿ ಪತ್ರ ಬರೆದು ಉತ್ತರ ಕೊಟ್ಟ. ಆರೇಳು ಮಹಡಿಯ ಇಪ್ಪತ್ತು ಸಾವಿರ ಮನೆಗಳನ್ನು ಅಲ್ಲಿ ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿ ಅಲ್ಲ, ಮನುಷ್ಯ ಅಂದ. ದೇವರನ್ನು ಆರೋಪದಿಂದ ಬಿಡಿಸಲು ಬರೆದ ಮಾತು. ಇವತ್ತು ಭೂಕಂಪದ ಬಗ್ಗೆ ಮಾತಾಡುವ ಎಂಜಿನಿಯರುಗಳೂ ಅದನ್ನೇ ಹೇಳುತ್ತಾರೆ.

ಬತ್ತಿದೀಪ
ರೂಸೋ ಹೇಳಿದ್ದು ಕಟ್ಟಡಕ್ಕೆ ಸರಿ. ಕೆಂಜ್ವರಕ್ಕೆ ಸರಿಯಲ್ಲ.

ಪ್ರಶ್ನೆಚಿಹ್ನೆಯವರೇ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ನೇರವಾಗಿ ಹೇಳುತ್ತಿದ್ದೇನೆ. ಸ್ವತಂತ್ರ ಇಚ್ಛೆ, ಪರೀಕ್ಷೆ, ಕರ್ಮ, ಎಲ್ಲ ಓದಿದ್ದೇನೆ. ಯಾವುದನ್ನೂ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತ ತಾಯಿಗೆ ನಾನು ಹೇಳಲಾರೆ. ಆದರೂ ನಂಬುತ್ತೇನೆ. ಆ ತಾಯಿಯ ಪಕ್ಕದಲ್ಲಿ ಯಾರೋ ಕೂತಿದ್ದಾರೆ ಅನ್ನುವುದನ್ನು ನಂಬುತ್ತೇನೆ. ಉತ್ತರ ಕೊಡುವ ದೇವರನ್ನಲ್ಲ.

ಪ್ರಶ್ನೆಚಿಹ್ನೆ
ಇದಕ್ಕೆ ನಾಳೆ ಉತ್ತರ ಬರೆಯುತ್ತೇನೆ. ಇವತ್ತು ಬೇಡ.

ಹತ್ತುಗಂಟೆ
ಎಲ್ಲರಿಗೂ. ನಿನ್ನೆ ಬುಧವಾರ, ಶನಿವಾರದವರೆಗೆ ಕಾಯಲಾಗದೆ ಅವನಿಗೆ ಫೋನ್ ಮಾಡಿದೆ. ಆ ದಿನ ನೀನು ಏನನ್ನೂ ವಾದಕ್ಕೆ ಇಟ್ಟಿರಲಿಲ್ಲ, ನಾನು ವಾದ ಮಾಡಿದೆ, ತಪ್ಪಾಯಿತು ಅಂದೆ. ಬತ್ತಿದೀಪ ಅವರ ಮಾತನ್ನೇ ಹೇಳಿದೆ, ನನ್ನದಲ್ಲ ಅಂತಲೂ ಹೇಳಿದೆ.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಫ್ಯಾನ್ ಮತ್ತೆ ಟಕ್ ಟಕ್. ಆಮೇಲೆ ಹೇಳಿದ್ದು ಇದು. "ನೀನು ಅಂದದ್ದಕ್ಕೆ ಬೇಜಾರಾಗಲಿಲ್ಲ ಕಣೋ. ಅವನೂ ನಂಬುತ್ತಿರಲಿಲ್ಲ. ಮನೆಯಲ್ಲಿ ನಾನೊಬ್ಬನಿಗೇ ಗೊತ್ತಿತ್ತು. ನೀನು ಸಾಕ್ಷಿ ಎಲ್ಲಿದೆ ಅಂದಾಗ ಅವನದೇ ಧ್ವನಿ ಕೇಳಿದ ಹಾಗಾಯಿತು. ತಡೆಯಲಾಗಲಿಲ್ಲ, ಫೋನ್ ಇಟ್ಟೆ."

ಹನ್ನೊಂದು ವರ್ಷ. ಅವನ ತಮ್ಮ ನನ್ನ ಪಕ್ಷದವನು ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಒಂದು ದಿನವೂ ಕೇಳಿರಲಿಲ್ಲ.

ತರ್ಕಪ್ರಿಯ ಸರ್ ಹೇಳಿದ ಪೂರ್ವಪಕ್ಷದ ವಿಷಯ ಅವನಿಗೆ ಹೇಳಿದೆ. ಅವನಿಗೆ ಬಹಳ ಹಿಡಿಸಿತು. "ಈ ಶನಿವಾರ ಅದಲುಬದಲು ಮಾಡೋಣ. ನನ್ನ ಪಕ್ಷ ನೀನು ಹೇಳು. ತಮ್ಮನ ಪಕ್ಷ ನಾನು ಹೇಳುತ್ತೇನೆ. ಅವನು ಏನೇನು ಹೇಳುತ್ತಿದ್ದ ಅಂತ ಎಲ್ಲ ನೆನಪಿದೆ" ಅಂದ.

ಈಗ ನನಗೆ ಭಯ. ಇಷ್ಟು ವರ್ಷ ಕೆಡವಿದ್ದನ್ನು ಕಟ್ಟಿ ನಿಲ್ಲಿಸಬೇಕು, ಅದೂ ಅವನು ಒಪ್ಪುವ ಹಾಗೆ. ಬತ್ತಿದೀಪ ಅವರೇ, ಎಲ್ಲಿಂದ ಶುರು ಮಾಡಲಿ? ಮಡಕೆ-ಕುಂಬಾರದಿಂದಲಾ?

ಅರ್ಧನಂಬಿಕೆ
ಓದಿ ಕಣ್ಣು ತುಂಬಿ ಬಂತು.

ಬತ್ತಿದೀಪ
ಮಡಕೆಯಿಂದ ಬೇಡ. ಸಾಧಿಸುವುದರಿಂದ ಶುರು ಮಾಡಲೇಬೇಡಿ. ಅವರು ಪ್ರಾರ್ಥನೆ ಮಾಡುವಾಗ ನಿಜವಾಗಿ ಏನನ್ನು ಕೇಳುತ್ತಾರೆ, ಅದು ಸಿಗದಿದ್ದಾಗಲೂ ಯಾಕೆ ಮತ್ತೆ ಕೂರುತ್ತಾರೆ, ಅಲ್ಲಿಂದ ಶುರು ಮಾಡಿ. ನಿಮಗೆ ಗೊತ್ತಿಲ್ಲದಿದ್ದರೆ ಶನಿವಾರಕ್ಕೆ ಮೊದಲು ಅವರನ್ನೇ ಕೇಳಿ ತಿಳಿದುಕೊಳ್ಳಿ. ನನ್ನ ಪಕ್ಷ ನಾನು ಹೇಗೆ ಹೇಳುತ್ತೇನೆ ಅಂತ ಶುಕ್ರವಾರದೊಳಗೆ ಒಂದು ಪುಟ ಬರೆದು ಇಲ್ಲಿ ಹಾಕುತ್ತೇನೆ. ಬೇಕಾದ್ದನ್ನು ತೆಗೆದುಕೊಳ್ಳಿ.

ಪ್ರಶ್ನೆಚಿಹ್ನೆ
ಅಕ್ಕ, ಬೇಗ ಹಾಕಿ. ಅವರ ತಮ್ಮನ ಕಡೆಯಿಂದ ಯಾವ ಯಾವ ಪ್ರಶ್ನೆ ಬರಬಹುದು ಅಂತ ನಾನು ಬರೆದು ಕೊಡುತ್ತೇನೆ. ಹತ್ತುಗಂಟೆಯವರು ಸಿದ್ಧವಾಗಿಯೇ ಹೋಗಲಿ.